ಅಪಘಾತದ ನಂತರ ಬರೆದ ಸುರಕ್ಷತಾ ನಿಯಮಗಳನ್ನು ಕಾಯುವವರು ಯಾರು? ಫುಕುಶಿಮಾ ಮತ್ತು ತ್ರೀ ಮೈಲ್ ಐಲೆಂಡ್ ಬಗ್ಗೆ ಚರ್ಚೆ

ಸಂಜೆಮಲ್ಲಿಗೆ

ಫುಕುಶಿಮಾ ಅಂದ ತಕ್ಷಣ ಎಲ್ಲರೂ ಸುನಾಮಿ ಬಗ್ಗೆ ಮಾತಾಡುತ್ತಾರೆ. ಅಲೆ ಎಷ್ಟು ಎತ್ತರ ಇತ್ತು, ಗೋಡೆ ಎಷ್ಟು ಗಿಡ್ಡ ಇತ್ತು, ಅಷ್ಟೇ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಪಘಾತ ಆದಮೇಲೆ ಸರ್ಕಾರ ಹೊಸ ಸುರಕ್ಷತಾ ನಿಯಮ ಬರೆಯುತ್ತದೆ. ಆ ನಿಯಮ ಸ್ಥಾವರದ ಒಳಗೆ ನಿಜವಾಗಿ ಜಾರಿಗೆ ಬಂತಾ ಅಂತ ಯಾರು ನೋಡುತ್ತಾರೆ? ನೋಡಿದವರಿಗೆ "ಇದು ಆಗಿಲ್ಲ, ರಿಯಾಕ್ಟರ್ ನಿಲ್ಲಿಸಿ" ಅನ್ನುವ ಅಧಿಕಾರ ಇದೆಯಾ? ಅವರೇ ಕಣ್ಣು ಮುಚ್ಚಿಕೊಂಡರೆ ಕೇಳುವವರು ಯಾರು?

ಹೊಸದಾಗಿ ಓದುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯ ಹತ್ತಿರ ಸಮುದ್ರದಲ್ಲಿ 9.0 ತೀವ್ರತೆಯ ಭೂಕಂಪ ಆಯಿತು. ಫುಕುಶಿಮಾ ದೈಇಚಿ ಅಣು ವಿದ್ಯುತ್ ಸ್ಥಾವರದಲ್ಲಿ ಆಗ ನಡೆಯುತ್ತಿದ್ದ ಮೂರು ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರ್‌ಗಳು ಶುರುವಾದವು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಸುಮಾರು 50 ನಿಮಿಷದ ನಂತರ ಬಂದ ದೊಡ್ಡ ಅಲೆ, ಮೊದಲ ನಾಲ್ಕು ಘಟಕಗಳು ನಿಂತಿದ್ದ 10 ಮೀಟರ್ ಎತ್ತರದ ನೆಲವನ್ನೇ ದಾಟಿ ಒಳಗೆ ನುಗ್ಗಿತು. ಜನರೇಟರ್‌ಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು. ಮುಳುಗಿದವು. ತಂಪು ಮಾಡುವ ವ್ಯವಸ್ಥೆ ನಿಂತು ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿಯ ಒಳಗೇ 2008ರಲ್ಲಿ ಒಂದು ಲೆಕ್ಕ ಹಾಕಿದ್ದರು. ಸುನಾಮಿ 15.7 ಮೀಟರ್‌ವರೆಗೆ ಏರಬಹುದು ಅಂತ ಆ ಲೆಕ್ಕ ಹೇಳಿತ್ತು. ಗೋಡೆ ಕಟ್ಟಲಿಲ್ಲ. ಜನರೇಟರ್ ಮೇಲೆ ಎತ್ತಲಿಲ್ಲ. ಆ ಲೆಕ್ಕ ಸರ್ಕಾರದ ನಿಯಂತ್ರಣ ಸಂಸ್ಥೆಯ ಕೈಗೆ ಹೋಗಿದ್ದು 2011ರ ಮಾರ್ಚ್ 7ರಂದು. ಅಂದರೆ ದುರಂತಕ್ಕೆ ನಾಲ್ಕು ದಿನ ಮೊದಲು.

ಜಪಾನ್ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗ, ಕಿಯೋಶಿ ಕುರೊಕಾವಾ ಅಧ್ಯಕ್ಷತೆಯದ್ದು, 2012ರ ಜುಲೈನಲ್ಲಿ ವರದಿ ಕೊಟ್ಟಿತು. ಇದು ಮನುಷ್ಯರೇ ಮಾಡಿದ ದುರಂತ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾರೆ. ನಿಯಂತ್ರಿಸಬೇಕಾದವರು ಕಂಪನಿಗಳ ಹಿಡಿತಕ್ಕೆ ಸಿಕ್ಕಿದ್ದರು ಅಂತಲೂ ಹೇಳಿದ್ದಾರೆ.

ನನ್ನ ಅಭಿಪ್ರಾಯ ಇಷ್ಟು. ನಿಯಮ ಎಷ್ಟು ಕಟ್ಟುನಿಟ್ಟು ಅನ್ನುವುದಕ್ಕಿಂತ, ಗಡುವು ಮುಗಿದ ದಿನ ಏನಾಗುತ್ತದೆ ಅನ್ನುವುದನ್ನು ನೋಡಬೇಕು. ಜಪಾನ್ ಮತ್ತು ಅಮೆರಿಕದ ಬಗ್ಗೆಯೇ ಮಾತಾಡೋಣ. ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ 1979ರಲ್ಲಿ ಅಪಘಾತ ಆಗಿತ್ತು, ಎರಡೂ ಕಡೆ ಅಪಘಾತದ ನಂತರದ ದಾಖಲೆ ಬೇಕಾದಷ್ಟು ಇದೆ. ನಿಮಗೇನನ್ನಿಸುತ್ತದೆ ಬರೆಯಿರಿ.

ಹಳೇ ಕಂಟ್ರೋಲ್ ರೂಮ್

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ನಾನು ಅಣು ಸ್ಥಾವರದಲ್ಲಿ ಕೆಲಸ ಮಾಡಿದವನಲ್ಲ, ಕಲ್ಲಿದ್ದಲು ಸ್ಥಾವರದ ಕಂಟ್ರೋಲ್ ರೂಮಿನಲ್ಲಿದ್ದವನು. ಪಂಪು, ವಾಲ್ವು, ಅಲಾರಂ ಭಾಷೆ ಎರಡಕ್ಕೂ ಒಂದೇ.

ಸುನಾಮಿಗಿಂತ ಹಿಂದಕ್ಕೆ ಹೋಗಬೇಕು. 1990ರಲ್ಲಿ ಜಪಾನಿನ ಪರಮಾಣು ಸುರಕ್ಷತಾ ಆಯೋಗ ಒಂದು ಮಾರ್ಗಸೂಚಿ ಹೊರಡಿಸಿತು. ಸ್ಥಾವರಕ್ಕೆ ಎಲ್ಲ ಕಡೆಯಿಂದ ಕರೆಂಟ್ ತುಂಬ ಹೊತ್ತು ಹೋಗುವ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಅಂತ ಅದರಲ್ಲಿತ್ತು. ಲೈನ್ ಬೇಗ ಸರಿಹೋಗುತ್ತದೆ, ಜನರೇಟರ್ ಹೇಗೂ ಇದೆ, ಅದು ಅವರ ವಾದ. 1990ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ಮತ್ತೆ ಯೋಚಿಸುವ ಸಂದರ್ಭ ಬಂತು. ಆಗ ಆಯೋಗದವರು ಏನು ಮಾಡಿದರು ಗೊತ್ತಾ? ಯಾಕೆ ಬೇಡ ಅನ್ನುವ ಕಾರಣವನ್ನು ಬರೆದುಕೊಡಿ ಅಂತ ವಿದ್ಯುತ್ ಕಂಪನಿಗಳನ್ನೇ ಕೇಳಿದರು. ಇದು ಕುರೊಕಾವಾ ಆಯೋಗದ ತನಿಖೆಯಲ್ಲಿ ಹೊರಬಂತು. ನನಗೆ ಇದನ್ನು ಓದಿದಾಗ ಆದಷ್ಟು ಸಿಟ್ಟು ಗೋಡೆಯ ಎತ್ತರದ ವಿಷಯದಲ್ಲಿ ಆಗಲಿಲ್ಲ.

ಇನ್ನೊಂದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ನಿಯಂತ್ರಣ ಆಯೋಗ ತನ್ನ ಸ್ಥಾವರಗಳಿಗೆ ಒಂದು ಆದೇಶ ಕೊಟ್ಟಿತು. ಸ್ಥಾವರದ ದೊಡ್ಡ ಭಾಗವೇ ಹಾಳಾದರೂ ಇಂಧನವನ್ನು ತಂಪಾಗಿಡಲು ಬೇಕಾದ ಉಪಕರಣ, ತರಬೇತಿ ಇರಬೇಕು ಅಂತ. ಆ ವಿಷಯ ಜಪಾನಿನ ಅಧಿಕಾರಿಗಳಿಗೂ ತಿಳಿಸಿದ್ದರು. ಅವರು ಅದನ್ನು ಕಂಪನಿಗಳಿಗೆ ದಾಟಿಸಲೇ ಇಲ್ಲ.

ಹೋಲಿಕೆಗೆ ಒನಗಾವಾ ಸ್ಥಾವರ ನೋಡಿ. ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಹತ್ತಿರ. ಅಲ್ಲಿಗೂ ಸುಮಾರು 13 ಮೀಟರ್ ಅಲೆ ಬಂತು. ಆದರೆ ಅದನ್ನು ಕಟ್ಟಿದ ತೊಹೊಕು ಕಂಪನಿ ಮೊದಲೇ 14.8 ಮೀಟರ್ ಎತ್ತರದ ನೆಲ ಆರಿಸಿಕೊಂಡಿತ್ತು. ರಿಯಾಕ್ಟರ್‌ಗಳು ಸುರಕ್ಷಿತವಾಗಿ ನಿಂತವು. ಒಂದು ಕಡೆ 10 ಮೀಟರ್, ಇನ್ನೊಂದು ಕಡೆ 14.8 ಮೀಟರ್, ಸರ್ಕಾರ ಎರಡಕ್ಕೂ ಅನುಮತಿ ಕೊಟ್ಟಿತ್ತು. ಒನಗಾವಾ ಉಳಿದದ್ದು ಕಟ್ಟಿದವರ ಎಚ್ಚರದಿಂದ. ಮೇಲ್ವಿಚಾರಣೆಯಿಂದ ಅಲ್ಲ.

ಕಾನೂನು ಕನ್ನಡಿ

ದುರಂತಕ್ಕೆ ಮೊದಲು ಜಪಾನಿನಲ್ಲಿ ಅಣು ಸುರಕ್ಷತೆ ನೋಡುತ್ತಿದ್ದ ಸಂಸ್ಥೆ ಇದ್ದದ್ದು ಅರ್ಥ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಕೆಳಗೆ. ಅಣು ವಿದ್ಯುತ್ತನ್ನು ಬೆಳೆಸುವ ಹೊಣೆಯೂ ಅದೇ ಸಚಿವಾಲಯದ್ದು. ಅಧಿಕಾರಿಗಳು ಇವತ್ತು ಸುರಕ್ಷತಾ ವಿಭಾಗ, ನಾಳೆ ಅಣು ವಿದ್ಯುತ್ ಬೆಳೆಸುವ ವಿಭಾಗ ಅಂತ ಓಡಾಡುತ್ತಿದ್ದರು. ನಿವೃತ್ತಿ ಆದಮೇಲೆ ವಿದ್ಯುತ್ ಕಂಪನಿಗಳಲ್ಲಿ ಕೆಲಸ.

2012ರ ಸೆಪ್ಟೆಂಬರ್ 19ರಂದು ಹೊಸ ನಿಯಂತ್ರಣ ಪ್ರಾಧಿಕಾರ ಶುರುವಾಯಿತು. ಐದು ಸದಸ್ಯರು. ಪರಿಸರ ಸಚಿವಾಲಯದ ಹೊರ ಅಂಗ. ಆದರೆ ಮಂತ್ರಿ ಅದಕ್ಕೆ ಆದೇಶ ಕೊಡುವಂತಿಲ್ಲ. ಸಿಬ್ಬಂದಿ ಅಣು ವಿದ್ಯುತ್ ಬೆಳೆಸುವ ಇಲಾಖೆಗೆ ವಾಪಸ್ ಹೋಗಬಾರದು ಅಂತ ನಿಯಮ ಬಂತು. 2013ರ ಜುಲೈ 8ರಿಂದ ಹೊಸ ಸುರಕ್ಷತಾ ಮಾನದಂಡ ಜಾರಿಗೆ ಬಂದವು.

ಜನ ಗಮನಿಸದ ದೊಡ್ಡ ಬದಲಾವಣೆ ಇನ್ನೊಂದಿದೆ. ಮೊದಲು ಲೈಸೆನ್ಸ್ ಪಡೆದ ರಿಯಾಕ್ಟರ್‌ಗೆ ಆಮೇಲೆ ಬಂದ ಮಾನದಂಡವನ್ನು ಕಡ್ಡಾಯ ಮಾಡಲು ಕಾನೂನಿನಲ್ಲಿ ದಾರಿ ಇರಲಿಲ್ಲ. ಅಧಿಕಾರಿಗಳು ಸಲಹೆ ಕೊಡುತ್ತಿದ್ದರು, ಕಂಪನಿ "ನೋಡೋಣ" ಅನ್ನುತ್ತಿತ್ತು. 2012ರ ತಿದ್ದುಪಡಿಯ ನಂತರ ಹಳೆಯ ರಿಯಾಕ್ಟರ್ ಕೂಡ ಹೊಸ ಮಾನದಂಡ ಪಾಲಿಸಲೇಬೇಕು.

ಸಂಜೆಮಲ್ಲಿಗೆ ಅವರು ಗಡುವಿನ ಬಗ್ಗೆ ಕೇಳಿದ್ದಕ್ಕೆ ಸೆಂದಾಯ್ ಸ್ಥಾವರದ ಉದಾಹರಣೆ ಕೊಡುತ್ತೇನೆ. ಹೊಸ ಮಾನದಂಡದ ಪ್ರಕಾರ ದೇಶದಲ್ಲಿ ಮೊದಲು ಶುರುವಾದದ್ದು ಅಲ್ಲಿನ ಒಂದನೇ ಘಟಕ, 2015ರ ಆಗಸ್ಟ್‌ನಲ್ಲಿ. ವಿಮಾನ ಬಂದು ಬಡಿದರೂ ದೂರದಿಂದ ರಿಯಾಕ್ಟರ್ ತಂಪು ಮಾಡಲು ಒಂದು ಪ್ರತ್ಯೇಕ ಕಟ್ಟಡ ಬೇಕು ಅಂತ ನಿಯಮ ಇತ್ತು. ಅದಕ್ಕೆ ಐದು ವರ್ಷ ಸಮಯ. 2019ರ ಏಪ್ರಿಲ್‌ನಲ್ಲಿ ಕಂಪನಿಗಳು ಬಂದು ಕೆಲಸ ಮುಗಿಯುವುದಿಲ್ಲ, ಇನ್ನಷ್ಟು ಸಮಯ ಕೊಡಿ ಅಂದವು. ಪ್ರಾಧಿಕಾರ ಕೊಡಲಿಲ್ಲ. 2020ರ ಮಾರ್ಚ್ 16ರಂದು ಕ್ಯೂಶು ಕಂಪನಿ ಆ ರಿಯಾಕ್ಟರನ್ನು ನಿಲ್ಲಿಸಬೇಕಾಯಿತು. ಎರಡು ತಿಂಗಳ ನಂತರ ಎರಡನೇ ಘಟಕವೂ ನಿಂತಿತು. ಕಟ್ಟಡದ ಕೆಲಸ ಮುಗಿದ ಮೇಲೆಯೇ, ಆ ವರ್ಷದ ಕೊನೆಗೆ, ಮತ್ತೆ ಶುರು ಮಾಡಿದರು.

ಹಳೆಯ ವ್ಯವಸ್ಥೆಯಲ್ಲಿ ಇದು ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ದೀಪದ ಕಂಬ

ಎಲ್ಲ ಸರಿ. ಆದರೆ ಇನ್ನೊಂದು ಬದಿಯನ್ನೂ ಯಾರಾದರೂ ಹೇಳಬೇಕಲ್ವಾ?

ದುರಂತಕ್ಕೆ ಮೊದಲು ಜಪಾನಿನಲ್ಲಿ 54 ರಿಯಾಕ್ಟರ್ ಇದ್ದವು. 2013ರ ಸೆಪ್ಟೆಂಬರ್‌ನಿಂದ 2015ರ ಆಗಸ್ಟ್‌ವರೆಗೆ ಒಂದೂ ನಡೆಯಲಿಲ್ಲ. ಆ ಕರೆಂಟನ್ನು ಆಮದು ಮಾಡಿದ ಅನಿಲ, ಕಲ್ಲಿದ್ದಲು, ಎಣ್ಣೆಯಿಂದ ತುಂಬಿಸಿದರು. ಕಲ್ಲಿದ್ದಲ ಹೊಗೆ ಜನರ ಪ್ರಾಣ ತೆಗೆಯುವುದಿಲ್ಲವೇ? ಕೆಲವು ಅರ್ಜಿಗಳ ಪರಿಶೀಲನೆ ಹತ್ತು ವರ್ಷ ದಾಟಿತು. ನಿಯಂತ್ರಣ ಸಂಸ್ಥೆ ನಿಧಾನ ಮಾಡಿದರೆ ಅದರಿಂದ ಆಗುವ ನಷ್ಟಕ್ಕೆ ಯಾರೂ ತನಿಖಾ ಆಯೋಗ ನೇಮಿಸುವುದಿಲ್ಲ. ಕಟ್ಟುನಿಟ್ಟು ಅಂದ ಮಾತ್ರಕ್ಕೆ ಅದು ಒಳ್ಳೆಯ ಮೇಲ್ವಿಚಾರಣೆ ಅಂತ ನಾನು ಒಪ್ಪುವುದಿಲ್ಲ.

ಸಂಜೆಮಲ್ಲಿಗೆ

ದೀಪದ ಕಂಬ ಅವರೇ, ಹೊಗೆಯ ಮಾತು ನಿಜ. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ತಡ ಆಗಿದ್ದೆಲ್ಲ ಪ್ರಾಧಿಕಾರದಿಂದ ಅಂತ ಹೇಳುವ ಮೊದಲು ತ್ಸುರುಗಾ ಎರಡನೇ ಘಟಕದ ಕಡತ ನೋಡಿ.

ಆ ರಿಯಾಕ್ಟರ್ ಕಟ್ಟಡದ ಕೆಳಗೆ ಸಕ್ರಿಯ ಭೂಬಿರುಕು ಇರಬಹುದು ಅನ್ನುವುದು ಪ್ರಶ್ನೆ. ಕಂಪನಿ 2015ರ ನವೆಂಬರ್‌ನಲ್ಲಿ ಪರಿಶೀಲನೆಗೆ ಅರ್ಜಿ ಹಾಕಿತು. ನೆಲ ಕೊರೆದು ತೆಗೆದ ಮಣ್ಣು ಕಲ್ಲುಗಳ ವಿವರವನ್ನು ತಾನೇ ಕೊಟ್ಟ ದಾಖಲೆಯಲ್ಲಿ ತಿದ್ದಿ ಬರೆದದ್ದು 2020ರಲ್ಲಿ ಬೆಳಕಿಗೆ ಬಂತು. ಪರಿಶೀಲನೆ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ತಪ್ಪುಗಳು ಸಿಕ್ಕವು, ಮತ್ತೆ ನಿಂತಿತು. ಕೊನೆಗೆ 2024ರ ನವೆಂಬರ್‌ನಲ್ಲಿ ಪ್ರಾಧಿಕಾರ ಅರ್ಜಿಯನ್ನು ತಿರಸ್ಕರಿಸಿತು. ಹೊಸ ಮಾನದಂಡ ಬಂದಮೇಲೆ ಅಧಿಕೃತವಾಗಿ ತಿರಸ್ಕಾರ ಆದ ಮೊದಲ ಅರ್ಜಿ ಅದು.

ಒಂಬತ್ತು ವರ್ಷ ಹೋಯಿತು ನಿಜ. ಅದರಲ್ಲಿ ಕಂಪನಿಯ ಪಾಲು ಎಷ್ಟು ಅಂತ ಲೆಕ್ಕ ಹಾಕಿದರೆ ಕಥೆ ಬೇರೆ ಕಾಣುತ್ತದೆ.

ದೀಪದ ಕಂಬ

ತ್ಸುರುಗಾ ವಿಷಯದಲ್ಲಿ ತಕರಾರಿಲ್ಲ. ದಾಖಲೆ ತಿದ್ದುವವರಿಗೆ ಲೈಸೆನ್ಸ್ ಕೊಡಬಾರದು. ಪ್ರಾಮಾಣಿಕವಾಗಿ ದಾಖಲೆ ಕೊಟ್ಟು ವರ್ಷಗಟ್ಟಲೆ ಕಾದವರೂ ಇದ್ದಾರೆ, ಅಷ್ಟೇ ನನ್ನ ಮಾತು.

ಹಳೇ ಕಂಟ್ರೋಲ್ ರೂಮ್

ಇಲ್ಲಿಯವರೆಗೆ ನಾವು ಮಾತಾಡಿದ್ದು ಕಾಗದದ ಪರಿಶೀಲನೆ. ನನ್ನ ಆಸಕ್ತಿ ಕಾಗದ ಬಿಟ್ಟು ಸ್ಥಾವರದೊಳಗೆ ನಡೆದು ನೋಡುವ ಇನ್ಸ್‌ಪೆಕ್ಟರ್ ಮೇಲೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

1979ರ ಮಾರ್ಚ್ 28. ಅಮೆರಿಕದ ಪೆನ್ಸಿಲ್ವೇನಿಯಾ, ತ್ರೀ ಮೈಲ್ ಐಲೆಂಡ್ ಎರಡನೇ ಘಟಕ. ಒತ್ತಡ ಇಳಿಸುವ ವಾಲ್ವ್ ತೆರೆದುಕೊಂಡು ಮುಚ್ಚದೆ ಸಿಕ್ಕಿಹಾಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಮಾತ್ರ ಮುಚ್ಚಿದೆ ಅನ್ನುವಂತೆ ತೋರಿಸಿತು. ಯಾಕೆಂದರೆ ಆ ದೀಪ ವಾಲ್ವ್ ನಿಜವಾಗಿ ಎಲ್ಲಿದೆ ಅಂತ ನೋಡುತ್ತಿರಲಿಲ್ಲ. ಮುಚ್ಚು ಅನ್ನುವ ಸಿಗ್ನಲ್ ಹೋಯಿತಾ ಅಂತಷ್ಟೇ ನೋಡುತ್ತಿತ್ತು. ಆಪರೇಟರ್‌ಗಳು ನೀರು ಜಾಸ್ತಿ ಆಗುತ್ತಿದೆ ಅಂದುಕೊಂಡು ತುರ್ತು ನೀರನ್ನೇ ಕಡಿಮೆ ಮಾಡಿದರು. ಇಂಧನದ ದೊಡ್ಡ ಭಾಗ ಕರಗಿತು.

ಇಂಥದೇ ವಾಲ್ವ್ ಸಿಕ್ಕಿಹಾಕಿಕೊಂಡ ಘಟನೆ 1977ರಲ್ಲೇ ಒಹಾಯೊದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಆಗಿತ್ತು. ಅಲ್ಲಿ ಆಪರೇಟರ್‌ಗಳು ಬೇಗ ಗುರುತಿಸಿದ್ದರಿಂದ ಏನೂ ಆಗಲಿಲ್ಲ. ಆದರೆ ಆ ಪಾಠ ಬೇರೆ ಸ್ಥಾವರಗಳಿಗೆ ಹೋಗಲಿಲ್ಲ. ಅಧ್ಯಕ್ಷ ಕಾರ್ಟರ್ ನೇಮಿಸಿದ ಕೆಮೆನಿ ಆಯೋಗ ಇದನ್ನೇ ಎತ್ತಿ ತೋರಿಸಿತು. ಉಪಕರಣಕ್ಕಿಂತ ಜನರಲ್ಲಿ, ನಿಯಂತ್ರಣ ಆಯೋಗದ ಮನೋಭಾವದಲ್ಲಿ ತೊಂದರೆ ಇದೆ ಅಂತ ಹೇಳಿತು. ಆಮೇಲೆ ಬದಲಾವಣೆ ಬಂದವು. ಪ್ರತಿ ಸ್ಥಾವರದಲ್ಲೂ ಅಲ್ಲೇ ಇದ್ದು ನೋಡುವ ಸರ್ಕಾರಿ ಇನ್ಸ್‌ಪೆಕ್ಟರ್‌ಗಳು. ಸಿಮ್ಯುಲೇಟರ್ ತರಬೇತಿ. ಕಂಪನಿಗಳು ತಾವೇ ಸೇರಿ ಕಟ್ಟಿಕೊಂಡ ಇನ್ಪೊ ಅನ್ನುವ ಸಂಸ್ಥೆ, ಒಬ್ಬರ ಸ್ಥಾವರವನ್ನು ಇನ್ನೊಬ್ಬರು ತಪಾಸಣೆ ಮಾಡಲು.

ಇಷ್ಟೆಲ್ಲ ಆದಮೇಲೂ ಅದೇ ಡೇವಿಸ್-ಬೆಸ್ಸಿಯಲ್ಲಿ 2002ರಲ್ಲಿ ಏನಾಯಿತು ನೋಡಿ. ರಿಯಾಕ್ಟರ್ ಪಾತ್ರೆಯ ಮುಚ್ಚಳದ ಮೂಲಕ ಹಾದುಹೋಗುವ ಕೊಳವೆಗಳಲ್ಲಿ ಬಿರುಕು ಬರುತ್ತಿದೆ ಅಂತ 2001ರಲ್ಲಿ ನಿಯಂತ್ರಣ ಆಯೋಗಕ್ಕೆ ಗೊತ್ತಾಯಿತು. ಅಪಾಯ ಹೆಚ್ಚಿರುವ ಸ್ಥಾವರಗಳು ಡಿಸೆಂಬರ್ 31ರೊಳಗೆ ತಪಾಸಣೆ ಮಾಡಿ ಅಂತ ಹೇಳಿತು. ಡೇವಿಸ್-ಬೆಸ್ಸಿ ಕಂಪನಿ ಮುಂದೂಡಿ ಅಂತ ಕೇಳಿತು. ನಿಲ್ಲಿಸುವ ಆದೇಶದ ಕರಡನ್ನು ಆಯೋಗದ ಸಿಬ್ಬಂದಿ ಬರೆದೂ ಆಗಿತ್ತು. ಕಳಿಸಲಿಲ್ಲ. ರಾಜಿ ಮಾಡಿಕೊಂಡು 2002ರ ಫೆಬ್ರವರಿ 16ರವರೆಗೆ ಸಮಯ ಕೊಟ್ಟರು.

ರಿಯಾಕ್ಟರ್ ನಿಲ್ಲಿಸಿ ನೋಡಿದಾಗ ಮುಚ್ಚಳದ ದಪ್ಪ ಉಕ್ಕನ್ನು, ಬಿರುಕಿನಿಂದ ಸೋರಿದ ರಿಯಾಕ್ಟರ್ ನೀರಿನಲ್ಲಿದ್ದ ಬೋರಿಕ್ ಆಮ್ಲ ಪೂರ್ತಿ ತಿಂದುಹಾಕಿತ್ತು. ಅನಾನಸ್ ಗಾತ್ರದ ಗುಂಡಿ. ಉಳಿದಿದ್ದದ್ದು ಒಳಮೈಯ ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಪದರ ಮಾತ್ರ, ಒಂದು ಸೆಂಟಿಮೀಟರ್‌ಗೂ ಕಡಿಮೆ. ಒಳಗಿನ ಅಷ್ಟೂ ಒತ್ತಡವನ್ನು ತಡೆದು ನಿಂತದ್ದು ಆ ಪದರ. ಮುಚ್ಚಳದ ಮೇಲೆ ಕೆಂಪು ತುಕ್ಕು ಹರಿದು ಬಂದಿದ್ದ ಫೋಟೋ 2000ರಲ್ಲೇ ತೆಗೆದದ್ದು ಇತ್ತು.

ಆಯೋಗದ ಒಳಗಿನ ಸ್ವತಂತ್ರ ತನಿಖಾಧಿಕಾರಿ 2002ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ತುಂಬ ಕಟುವಾಗಿತ್ತು. ಸಮಯ ಕೊಟ್ಟದ್ದರ ಹಿಂದೆ ಕಂಪನಿಗೆ ನಷ್ಟ ಆಗಬಾರದು ಅನ್ನುವ ಯೋಚನೆ ದೊಡ್ಡದಾಗಿ ಕೆಲಸ ಮಾಡಿತ್ತು ಅಂತ ಅದರಲ್ಲಿದೆ. ಸ್ಥಾವರ ಎರಡು ವರ್ಷ ಮುಚ್ಚಿತ್ತು. ಆಮೇಲೆ ಕಂಪನಿಗೆ 54.5 ಲಕ್ಷ ಡಾಲರ್ ದಂಡ, ಕ್ರಿಮಿನಲ್ ಮೊಕದ್ದಮೆ ತಪ್ಪಿಸಿಕೊಳ್ಳಲು 2.8 ಕೋಟಿ ಡಾಲರ್.

ಸ್ಥಾವರದಲ್ಲೇ ಇನ್ಸ್‌ಪೆಕ್ಟರ್‌ಗಳಿದ್ದರು. ನಿಯಮ ಇತ್ತು. ಗಡುವೂ ಇತ್ತು. ಸಂಜೆಮಲ್ಲಿಗೆ ಅವರು ಗಡುವು ಮುಗಿದ ದಿನ ಏನಾಗುತ್ತದೆ ಅಂತ ಕೇಳಿದ್ದು ಇದಕ್ಕೇ ಸರಿಯಾಗಿದೆ. ಸೆಂದಾಯ್‌ನಲ್ಲಿ ಗಡುವು ನಿಂತಿತು, ಡೇವಿಸ್-ಬೆಸ್ಸಿಯಲ್ಲಿ ಜಾರಿತು.

ಬೆಳ್ಳಿಚುಕ್ಕಿ

ಡೇವಿಸ್-ಬೆಸ್ಸಿ ಬಗ್ಗೆ ಗೊತ್ತೇ ಇರಲಿಲ್ಲ. ಓದಿ ಮೈ ಜುಂ ಅಂದಿತು. ಒಂದು ಪ್ರಶ್ನೆ. ಜಪಾನಿನಲ್ಲೂ ಹೀಗೆ ಸ್ಥಾವರದೊಳಗೆ ಓಡಾಡಿ ನೋಡುವ ಇನ್ಸ್‌ಪೆಕ್ಟರ್‌ಗಳು ಇದ್ದಾರಾ?

ಹಳೇ ಕಂಟ್ರೋಲ್ ರೂಮ್

ಮೊದಲೂ ಇದ್ದರು, ಆದರೆ ಚೆಕ್‌ಲಿಸ್ಟ್ ಹಿಡಿದು, ಮೊದಲೇ ಹೇಳಿ, ಇಂಥ ದಿನ ಇಂಥದ್ದು ನೋಡುತ್ತೇವೆ ಅಂತ ಬರುತ್ತಿದ್ದರು. 2016ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡ ಬಂದು ಪ್ರಾಧಿಕಾರದ ಕೆಲಸ ನೋಡಿತು. ತಪಾಸಣೆ ವ್ಯವಸ್ಥೆ ಬಲವಾಗಬೇಕು, ಅದಕ್ಕೆ ಕಾನೂನು ಬದಲಾಗಬೇಕು ಅಂತ ಹೇಳಿತು. ಮರುವರ್ಷ ಕಾನೂನು ತಿದ್ದಿದರು. 2020ರ ಏಪ್ರಿಲ್‌ನಿಂದ ಇನ್ಸ್‌ಪೆಕ್ಟರ್‌ಗಳು ಬೇಕಾದಾಗ ಬೇಕಾದಲ್ಲಿ ಹೋಗಿ ನೋಡಬಹುದು. ಅಮೆರಿಕದ ಪದ್ಧತಿಯನ್ನು ನೋಡಿ ಮಾಡಿದ್ದು.

ಕಡಲತೀರ

ಇನ್ಸ್‌ಪೆಕ್ಟರ್ ಎಷ್ಟೇ ಚುರುಕಾಗಿರಲಿ, ಒಳಗಿನ ನೌಕರ ಬಾಯಿ ಬಿಡದಿದ್ದರೆ ಅರ್ಧ ವಿಷಯ ತಿಳಿಯುವುದೇ ಇಲ್ಲ. 2002ರಲ್ಲಿ ಟೆಪ್ಕೊ ವರ್ಷಗಟ್ಟಲೆ ತಪಾಸಣೆ ದಾಖಲೆಗಳನ್ನು ತಿದ್ದಿದ್ದು ಹೊರಬಂತು. ಅಧ್ಯಕ್ಷರೂ ಸೇರಿ ದೊಡ್ಡವರು ರಾಜೀನಾಮೆ ಕೊಟ್ಟರು. ಆದರೆ ಇದನ್ನು ಸರ್ಕಾರಕ್ಕೆ ತಿಳಿಸಿದ್ದು 2000ರಲ್ಲೇ, ತಪಾಸಣೆ ಕೆಲಸ ಮಾಡಿದ್ದ ಒಬ್ಬ ಇಂಜಿನಿಯರ್. ಸರ್ಕಾರದ ಅಧಿಕಾರಿಗಳು ಆ ಇಂಜಿನಿಯರ್ ಹೆಸರನ್ನು ಟೆಪ್ಕೊಗೇ ಕೊಟ್ಟರು! ಎರಡು ವರ್ಷ ವಿಷಯ ಹೊರಗೆ ಬರಲಿಲ್ಲ. ಅದನ್ನು ನೋಡಿದ ಬೇರೆ ನೌಕರರು ಯಾವ ಧೈರ್ಯದ ಮೇಲೆ ದೂರು ಕೊಡುತ್ತಾರೆ?

ಹೊಸ ಪ್ರಾಧಿಕಾರ ಬಂದಮೇಲೂ ಇಂಥದೇ ಒಂದು ಆಯಿತು. ಕಾಶಿವಾಜಾಕಿ-ಕರಿವಾ ಟೆಪ್ಕೊದ್ದೇ ಸ್ಥಾವರ, ಏಳು ರಿಯಾಕ್ಟರ್, 8,212 ಮೆಗಾವಾಟ್, ಜಗತ್ತಿನಲ್ಲೇ ದೊಡ್ಡದು. 2020ರ ಸೆಪ್ಟೆಂಬರ್‌ನಲ್ಲಿ ಒಬ್ಬ ನೌಕರ ಸಹೋದ್ಯೋಗಿಯ ಗುರುತಿನ ಕಾರ್ಡ್ ಹಿಡಿದು ಕಂಟ್ರೋಲ್ ರೂಮ್‌ವರೆಗೆ ಹೋಗಿಬಿಟ್ಟ. ಪ್ರಾಧಿಕಾರದ ಕಚೇರಿಗೆ ಟೆಪ್ಕೊ ಬೇಗನೇ ತಿಳಿಸಿತು. ಆದರೆ ಕಚೇರಿಯವರು ಐವರು ಸದಸ್ಯರಿಗೆ ಹೇಳಿದ್ದು 2021ರ ಜನವರಿಯಲ್ಲಿ. ನಡುವೆ ಆ ಸದಸ್ಯರು ಟೆಪ್ಕೊ ಸ್ಥಾವರ ನಡೆಸಲು ಅರ್ಹ ಅಂತ ಹೇಳುವ ಸುರಕ್ಷತಾ ನಿಯಮಾವಳಿಗೆ ಒಪ್ಪಿಗೆ ಸೂಚಿಸಿ ಆಗಿತ್ತು.

ಆಮೇಲೆ ಪ್ರಾಧಿಕಾರ ಗಟ್ಟಿಯಾಗಿ ನಿಂತಿತು, ಅದನ್ನೂ ಹೇಳಬೇಕು. ಒಳನುಗ್ಗುವವರನ್ನು ಪತ್ತೆ ಮಾಡುವ ಉಪಕರಣಗಳೂ ಕೆಟ್ಟಿದ್ದವು ಅಂತ ಗೊತ್ತಾಯಿತು. 2021ರ ಏಪ್ರಿಲ್‌ನಲ್ಲಿ ಆ ಸ್ಥಾವರದಲ್ಲಿ ಇಂಧನ ಅಲುಗಿಸಬಾರದು, ಅಂದರೆ ರಿಯಾಕ್ಟರ್ ಶುರು ಮಾಡುವಂತಿಲ್ಲ ಅಂತ ಆದೇಶ ಕೊಟ್ಟರು. ಆ ಆದೇಶ ತೆಗೆದದ್ದು 2023ರ ಡಿಸೆಂಬರ್‌ನಲ್ಲಿ.

ಅಂಗಳದ ಮಾತು

ಎಲ್ಲರೂ ಸ್ಥಾವರದ ಕಾಂಪೌಂಡ್ ಒಳಗೇ ಮಾತಾಡುತ್ತಿದ್ದೀರಿ. ಹೊರಗಿನ ಜನರ ಕಥೆ ಏನು?

ಜಪಾನಿನಲ್ಲಿ ಹೊಸ ಪ್ರಾಧಿಕಾರ ರಿಯಾಕ್ಟರ್ ಪರಿಶೀಲಿಸುವಾಗ ಜನರನ್ನು ಸ್ಥಳಾಂತರಿಸುವ ಯೋಜನೆಯನ್ನು ನೋಡುವುದಿಲ್ಲ. ಆ ಯೋಜನೆ ಮಾಡುವುದು ಸ್ಥಳೀಯ ಆಡಳಿತ. ಪ್ರಾಧಿಕಾರ ಮಾರ್ಗಸೂಚಿ ಕೊಡುತ್ತದೆ, ಅಷ್ಟೇ. ಟೊಕಾಯ್ ಎರಡನೇ ರಿಯಾಕ್ಟರ್ ಸುತ್ತ 30 ಕಿಲೋಮೀಟರ್ ಒಳಗೆ 9 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಅದು 2018ರಲ್ಲಿ ಪ್ರಾಧಿಕಾರದ ಪರಿಶೀಲನೆಯಲ್ಲಿ ಪಾಸಾಯಿತು. 2021ರ ಮಾರ್ಚ್‌ನಲ್ಲಿ ಮಿತೊ ಜಿಲ್ಲಾ ನ್ಯಾಯಾಲಯ ಅದನ್ನು ನಡೆಸಬಾರದು ಅಂತ ತೀರ್ಪು ಕೊಟ್ಟಿತು. ಕಾರಣ, ಅಷ್ಟು ಜನರನ್ನು ಸಾಗಿಸುವ ಯೋಜನೆಯೇ ಸರಿಯಾಗಿಲ್ಲ.

ಅಮೆರಿಕದಲ್ಲಿ ತ್ರೀ ಮೈಲ್ ಐಲೆಂಡ್ ನಂತರ ಇದು ಬೇರೆ ದಾರಿ ಹಿಡಿಯಿತು. ಸುತ್ತಲಿನ 10 ಮೈಲಿಯ ತುರ್ತು ಯೋಜನೆ ಇಲ್ಲದೆ ಲೈಸೆನ್ಸ್ ಇಲ್ಲ ಅಂತಾಯಿತು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್ ದ್ವೀಪದ ಶೋರ್‌ಹ್ಯಾಮ್ ಸ್ಥಾವರ ಕಟ್ಟಿ ಮುಗಿದಿತ್ತು. ಜನರನ್ನು ಆ ದ್ವೀಪದಿಂದ ಹೊರಗೆ ಸಾಗಿಸಲು ಆಗುವುದಿಲ್ಲ ಅಂತ ಅಲ್ಲಿನ ಸ್ಥಳೀಯ ಆಡಳಿತವಾದ ಕೌಂಟಿಯವರು ಯೋಜನೆಗೆ ಸೇರಲು ಒಪ್ಪಲಿಲ್ಲ. ಕೊನೆಗೆ ಸ್ಥಾವರವನ್ನು ಒಂದು ಡಾಲರ್‌ಗೆ ರಾಜ್ಯಕ್ಕೆ ಕೊಟ್ಟರು. ಅದು ವಾಣಿಜ್ಯವಾಗಿ ಒಂದು ದಿನವೂ ನಡೆಯಲಿಲ್ಲ.

ದೀಪದ ಕಂಬ

ಶೋರ್‌ಹ್ಯಾಮ್ ನನಗೆ ಒಳ್ಳೆಯ ಉದಾಹರಣೆ ಅಲ್ಲ, ಅಷ್ಟು ದೊಡ್ಡ ಬಂಡವಾಳ ಮಣ್ಣುಪಾಲಾಯಿತು. ಯೋಜನೆ ಸಾಧ್ಯ ಇಲ್ಲ ಅಂದಿದ್ದರೆ ಕಟ್ಟುವ ಮೊದಲೇ ಹೇಳಬೇಕಿತ್ತು.

ಆದರೆ ಫುಕುಶಿಮಾ ನಂತರ ಅಮೆರಿಕದಲ್ಲಿ ಒಂದು ಕೆಲಸ ಚೆನ್ನಾಗಿ ಆಯಿತು ಅಂತ ನನ್ನ ಅನಿಸಿಕೆ. 2011ರ ಜುಲೈಗೇ ಅಲ್ಲಿನ ನಿಯಂತ್ರಣ ಆಯೋಗದ ಕಾರ್ಯಪಡೆ 12 ಶಿಫಾರಸು ಕೊಟ್ಟಿತು. 2012ರ ಮಾರ್ಚ್‌ನಲ್ಲಿ ಆದೇಶ ಬಂತು. ಪ್ರತಿ ಸ್ಥಾವರದಲ್ಲೂ ಎತ್ತಿಕೊಂಡು ಹೋಗಬಹುದಾದ ಪಂಪು, ಜನರೇಟರ್, ಕೇಬಲ್ ಇರಬೇಕು, ಪ್ರವಾಹ, ಭೂಕಂಪಕ್ಕೆ ಸಿಗದ ಜಾಗದಲ್ಲಿ ಇಡಬೇಕು. ಜತೆಗೆ ಮೆಂಫಿಸ್ ಮತ್ತು ಫೀನಿಕ್ಸ್‌ನಲ್ಲಿ ಎರಡು ದೊಡ್ಡ ಉಗ್ರಾಣ. ದೇಶದ ಯಾವ ಸ್ಥಾವರಕ್ಕಾದರೂ 24 ಗಂಟೆಯಲ್ಲಿ ಉಪಕರಣ ತಲುಪಬೇಕು. ರಿಯಾಕ್ಟರ್‌ಗಳನ್ನು ವರ್ಷಗಟ್ಟಲೆ ನಿಲ್ಲಿಸದೆ ಇಷ್ಟೂ ಮಾಡಿದರು.

ಕಾನೂನು ಕನ್ನಡಿ

ಅದು ನಿಜಕ್ಕೂ ಒಳ್ಳೆಯ ಕೆಲಸ. ಉಳಿದ ಶಿಫಾರಸುಗಳು ಏನಾದವು ಅನ್ನುವುದನ್ನೂ ನೋಡಬೇಕು.

ಫುಕುಶಿಮಾ ತರಹದ ರಿಯಾಕ್ಟರ್‌ಗಳಲ್ಲಿ ಒತ್ತಡ ಹೊರಬಿಡುವ ಕೊಳವೆಗೆ ಫಿಲ್ಟರ್ ಹಾಕಿಸಿ ಅಂತ ಅಮೆರಿಕದ ಆಯೋಗದ ಸಿಬ್ಬಂದಿಯೇ 2012ರಲ್ಲಿ ಶಿಫಾರಸು ಮಾಡಿದ್ದರು. ಆಯೋಗದ ಸದಸ್ಯರು 2013ರಲ್ಲಿ ಅದನ್ನು ಆದೇಶ ಮಾಡಲಿಲ್ಲ, ನಿಯಮ ರೂಪಿಸುವ ದಾರಿಗೆ ಹಾಕಿದರು. 2015ರಲ್ಲಿ ಆ ಕೆಲಸವನ್ನೇ ಕೈಬಿಟ್ಟರು.

ಪ್ರವಾಹ ಮತ್ತು ಭೂಕಂಪದ ಅಪಾಯವನ್ನು ಹೊಸ ವಿಜ್ಞಾನದ ಪ್ರಕಾರ ಮತ್ತೆ ಲೆಕ್ಕ ಹಾಕಿ ಅಂತ ಸ್ಥಾವರಗಳಿಗೆ ಹೇಳಿದ್ದರು. ಕೆಲವು ಕಡೆ ಕಟ್ಟುವಾಗ ಅಂದುಕೊಂಡದ್ದಕ್ಕಿಂತ ಅಪಾಯ ಜಾಸ್ತಿ ಇದೆ ಅಂತ ಗೊತ್ತಾಯಿತು. ತುರ್ತು ಉಪಕರಣಗಳು ಈ ಹೊಸ ಲೆಕ್ಕವನ್ನು ತಡೆದುಕೊಳ್ಳಬೇಕು ಅಂತ ಕರಡು ನಿಯಮದಲ್ಲಿತ್ತು. 2019ರ ಜನವರಿಯಲ್ಲಿ ಆಯೋಗ 3-2 ಮತದಿಂದ ಆ ಭಾಗವನ್ನು ತೆಗೆಯಿತು. ಸ್ಥಾವರ ಸ್ಥಾವರ ಬೇರೆ ಬೇರೆಯಾಗಿ ನೋಡೋಣ ಅಂತಾಯಿತು. ನನಗೆ ಇದು ಸರಿ ಕಾಣುವುದಿಲ್ಲ. ಫುಕುಶಿಮಾದಲ್ಲಿ ಕೈಕೊಟ್ಟದ್ದು ಇದೇ ಅಲ್ವಾ? ಹೊಸ ಲೆಕ್ಕ ಕೈಯಲ್ಲಿತ್ತು, ಪಾಲಿಸುವ ಕಡ್ಡಾಯ ಇರಲಿಲ್ಲ.

ಅಪಘಾತ ಆಗಿ ಒಂದು ವರ್ಷದಲ್ಲಿ ಸಿಗುವ ರಾಜಕೀಯ ಬೆಂಬಲ ಎಂಟು ವರ್ಷದ ನಂತರ ಸಿಗುವುದಿಲ್ಲ. ಆದ್ದರಿಂದ ಸುಲಭದ ಸುಧಾರಣೆ ಮೊದಲು ಮುಗಿಯುತ್ತದೆ, ದುಬಾರಿಯದ್ದು ಕೊನೆಗೆ ಉಳಿದು ಸವೆಯುತ್ತದೆ.

ಸಂಜೆಮಲ್ಲಿಗೆ

ಜಪಾನಿನಲ್ಲೂ ಆ ಸವೆತ ಶುರುವಾಗಿದೆ. ದುರಂತದ ನಂತರ ರಿಯಾಕ್ಟರ್ ವಯಸ್ಸು 40 ವರ್ಷ, ತುಂಬಾ ಆದರೆ ಒಂದು ಸಲ 20 ವರ್ಷ ವಿಸ್ತರಣೆ ಅಂತ ಕಾನೂನು ಮಾಡಿದ್ದರು. 2023ರಲ್ಲಿ ಅದನ್ನು ಬದಲಿಸಿದರು. ಪರಿಶೀಲನೆಗೆ, ಕೋರ್ಟ್ ಆದೇಶಕ್ಕೆ ನಿಂತಿದ್ದ ವರ್ಷಗಳನ್ನು ಲೆಕ್ಕದಿಂದ ಬಿಡಬಹುದು. ಅಂದರೆ 60 ದಾಟಿಯೂ ನಡೆಸಬಹುದು. ವಯಸ್ಸಿನ ಮಿತಿಯನ್ನು ರಿಯಾಕ್ಟರ್ ನಿಯಂತ್ರಣದ ಕಾನೂನಿನಿಂದ ತೆಗೆದು ವಿದ್ಯುತ್ ವ್ಯವಹಾರದ ಕಾನೂನಿಗೆ ಹಾಕಿದರು. ಆ ಕಾನೂನು ಯಾವ ಸಚಿವಾಲಯದ್ದು? ಹಳೆಯ ಕೈಗಾರಿಕಾ ಸಚಿವಾಲಯದ್ದೇ.

ಪ್ರಾಧಿಕಾರದ ಐವರಲ್ಲಿ ಭೂವಿಜ್ಞಾನಿ ಅಕಿರಾ ಇಶಿವಾತಾರಿ ಒಬ್ಬರೇ ವಿರೋಧಿಸಿದರು. ಸುರಕ್ಷತೆಗೆ ಸಂಬಂಧಿಸಿದ ಹೊಸ ಕಾರಣ ಏನೂ ಇಲ್ಲದೆ ಯಾಕೆ ಬದಲಿಸಬೇಕು ಅನ್ನುವುದು ಅವರ ಪ್ರಶ್ನೆ. ಎಲ್ಲರೂ ಒಪ್ಪಿಯೇ ತೀರ್ಮಾನ ಮಾಡುವ ರೂಢಿ ಇದ್ದ ಕಡೆ 4-1 ಮತ ಬಿತ್ತು. ತ್ಸುರುಗಾ ಭೂಬಿರುಕಿನ ಪರಿಶೀಲನೆಯಲ್ಲಿ ಮುಂದೆ ನಿಂತವರೂ ಅವರೇ.

ದೀಪದ ಕಂಬ

ವಯಸ್ಸಿಗಿಂತ ರಿಯಾಕ್ಟರ್ ಪಾತ್ರೆಯ ಸ್ಥಿತಿ ಮುಖ್ಯ. ಹೊಸ ಕಾನೂನಿನಲ್ಲಿ 30 ವರ್ಷದ ನಂತರ ಹತ್ತು ವರ್ಷಕ್ಕೊಮ್ಮೆ ಪ್ರಾಧಿಕಾರದ ಪರೀಕ್ಷೆ ಇದೆ. ಸುಮ್ನೆ 40 ಅನ್ನುವ ಸಂಖ್ಯೆ ಹಿಡಿದುಕೊಳ್ಳುವುದರಲ್ಲಿ ವಿಜ್ಞಾನ ಇಲ್ಲ.

ಸಂಜೆಮಲ್ಲಿಗೆ

ಪರೀಕ್ಷೆ ಇದೆ, ಒಪ್ಪುತ್ತೇನೆ. ಸಂಖ್ಯೆಯ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಥ ಇದೆ. ನನ್ನ ಆಕ್ಷೇಪ ಮಿತಿಯನ್ನು ಯಾರ ಕೈಗೆ ಕೊಟ್ಟರು ಅನ್ನುವುದರ ಮೇಲೆ.

ಬೆಳ್ಳಿಚುಕ್ಕಿ

ಹಾಗಾದರೆ ನಿಯಂತ್ರಣ ಸಂಸ್ಥೆಯ ಮೇಲೆ ಕಣ್ಣಿಡುವವರು ಯಾರು? ಮೊದಲ ಪೋಸ್ಟಿನ ಆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕಾನೂನು ಕನ್ನಡಿ

ಕುರೊಕಾವಾ ಆಯೋಗದ ಮೊದಲ ಶಿಫಾರಸೇ ಅದು. ನಿಯಂತ್ರಣ ಸಂಸ್ಥೆಯನ್ನು ನೋಡಿಕೊಳ್ಳಲು ಸಂಸತ್ತಿನಲ್ಲಿ ಕಾಯಂ ಸಮಿತಿ ಬೇಕು ಅಂತ. 2013ರಲ್ಲಿ ಕೆಳಮನೆಯಲ್ಲಿ ಒಂದು ವಿಶೇಷ ಸಮಿತಿ ಮಾಡಿದರು. ಆದರೆ ಸಮಿತಿಗೆ ಹಲ್ಲು ಬರುವುದು ಅದು ಎಷ್ಟು ಸಲ ಸೇರುತ್ತದೆ, ಯಾರನ್ನು ಕರೆಸಿ ಕೇಳುತ್ತದೆ ಅನ್ನುವುದರಿಂದ. ಅಮೆರಿಕದಲ್ಲಿ ಆಯೋಗದ ಒಳಗೇ ಸ್ವತಂತ್ರ ತನಿಖಾಧಿಕಾರಿ ಇದ್ದಾರೆ, ಡೇವಿಸ್-ಬೆಸ್ಸಿ ವರದಿ ಕೊಟ್ಟದ್ದು ಆ ಕಚೇರಿ. ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆಯೂ ಆಗಾಗ ನೋಡುತ್ತದೆ.

ಆದರೆ ಈಗ ಅಲ್ಲಿ ಒತ್ತಡ ಬೇರೆ ಕಡೆಯಿಂದ ಬರುತ್ತಿದೆ. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶದಲ್ಲಿ ಹೊಸ ರಿಯಾಕ್ಟರ್ ಅರ್ಜಿಗಳನ್ನು 18 ತಿಂಗಳೊಳಗೆ ತೀರ್ಮಾನಿಸಬೇಕು ಅಂತ ಇದೆ. ಮರು ತಿಂಗಳು ಆಯೋಗದ ಸದಸ್ಯ ಕ್ರಿಸ್ಟೋಫರ್ ಹ್ಯಾನ್ಸನ್ ಅವರನ್ನು ಅಧ್ಯಕ್ಷರು ವಜಾ ಮಾಡಿದರು. ಬೇಗ ತೀರ್ಮಾನ ಮಾಡುವುದು ಬೇರೆ, ಬೇಡದ ತೀರ್ಮಾನ ಕೊಟ್ಟರೆ ಕೆಲಸ ಹೋಗಬಹುದು ಅನ್ನುವ ಭಯದಲ್ಲಿ ಕೂರುವುದು ಬೇರೆ. ಜಪಾನ್ 2012ರಲ್ಲಿ ನಿಯಂತ್ರಣ ಸಂಸ್ಥೆಗೂ ಸರ್ಕಾರಕ್ಕೂ ನಡುವೆ ಯಾವ ಗೋಡೆ ಕಟ್ಟಿತೋ, ಅಮೆರಿಕದಲ್ಲಿ ಅದೇ ಗೋಡೆ ತೆಳುವಾಗುತ್ತಿದೆ.

ಕಡಲತೀರ

ಕೋರ್ಟ್‌ಗಳನ್ನೂ ಮರೆಯಬೇಡಿ. ಹಾಗಂತ ಅವುಗಳನ್ನೇ ನಂಬಿ ಕೂರುವಂತೆಯೂ ಇಲ್ಲ. ಫುಕುಶಿಮಾದ ಸಂತ್ರಸ್ತರು ಹಾಕಿದ ಮೊಕದ್ದಮೆಗಳಲ್ಲಿ ಸರ್ಕಾರಕ್ಕೆ ಪರಿಹಾರದ ಹೊಣೆ ಇಲ್ಲ ಅಂತ ಜಪಾನಿನ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಸರ್ಕಾರ ಗೋಡೆ ಕಟ್ಟಿಸಿದ್ದರೂ ಆ ಅಲೆಯನ್ನು ತಡೆಯಲು ಆಗುತ್ತಿರಲಿಲ್ಲ ಅಂತ. ಜನರೇಟರ್ ಕೋಣೆಗೆ ನೀರು ನುಗ್ಗದ ಬಾಗಿಲು ಹಾಕಿಸಬಹುದಿತ್ತಲ್ಲ ಅನ್ನುವ ವಾದ ಗೆಲ್ಲಲಿಲ್ಲ.

ಹಳೇ ಕಂಟ್ರೋಲ್ ರೂಮ್

ಬಾಗಿಲಿನ ಮಾತು ಬಂತು, ಒಂದು ಸೇರಿಸುತ್ತೇನೆ. ಫುಕುಶಿಮಾದ ಆರನೇ ಘಟಕದಲ್ಲಿ ಗಾಳಿಯಿಂದ ತಂಪಾಗುವ ಒಂದು ಜನರೇಟರ್ ಎತ್ತರದಲ್ಲಿತ್ತು, ಮುಳುಗಲಿಲ್ಲ. ಆ ಒಂದು ಜನರೇಟರ್ ಐದು ಮತ್ತು ಆರನೇ ಘಟಕ ಎರಡನ್ನೂ ಉಳಿಸಿತು. ಹಾಗಾಗಿ ಏನೂ ಮಾಡಲು ಆಗುತ್ತಿರಲಿಲ್ಲ ಅನ್ನುವುದನ್ನು ಇಂಜಿನಿಯರ್ ಆಗಿ ನಾನು ಒಪ್ಪಲಾರೆ.

ದೀಪದ ಕಂಬ

ವೇಗದ ವಿಷಯದಲ್ಲಿ ನಾನು ಇನ್ನೂ ನನ್ನ ಮಾತಿಗೆ ನಿಂತಿದ್ದೇನೆ. ಆದರೆ ಅಂಗಳದ ಮಾತು ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಸ್ಥಳಾಂತರ ಯೋಜನೆಯನ್ನು ರಿಯಾಕ್ಟರ್ ಪರಿಶೀಲನೆಯ ಜತೆಗೇ, ಅದೇ ಪ್ರಾಧಿಕಾರ ನೋಡಬೇಕು. ಎರಡು ಕಡತ ಎರಡು ಕಚೇರಿಯಲ್ಲಿ ಇದ್ದರೆ ಹೊಣೆ ಯಾರದ್ದೂ ಆಗುವುದಿಲ್ಲ. ಕಂಪನಿಗೂ ಮೊದಲೇ ಸ್ಪಷ್ಟವಾಗುತ್ತದೆ, ಕಟ್ಟಿದ ಮೇಲೆ ಕೋರ್ಟ್ ನಿಲ್ಲಿಸುವ ಪರಿಸ್ಥಿತಿ ಬರುವುದಿಲ್ಲ.

ಅಂಗಳದ ಮಾತು

ಧನ್ಯವಾದ ದೀಪದ ಕಂಬ ಅವರೇ. ಇದು ಯಾಕೆ ತುರ್ತು ಅಂತ 2024ರ ಜನವರಿ 1ರಂದು ಜಪಾನಿನ ನೊತೊ ಪರ್ಯಾಯ ದ್ವೀಪದಲ್ಲಿ ಆದ ಭೂಕಂಪ ತೋರಿಸಿತು. 7.6 ತೀವ್ರತೆ. ಶಿಕಾ ಸ್ಥಾವರ ಆ ಪರ್ಯಾಯ ದ್ವೀಪದಲ್ಲೇ ಇದೆ. ರಿಯಾಕ್ಟರ್‌ಗಳು 2011ರಿಂದ ನಿಂತಿದ್ದರಿಂದ ದೊಡ್ಡ ಅನಾಹುತ ಆಗಲಿಲ್ಲ. ಆದರೆ ರಸ್ತೆಗಳು ಕುಸಿದು ಊರುಗಳು ಒಂಟಿಯಾದವು. ಸಾವಿರಾರು ಮನೆಗಳು ಬಿದ್ದವು. ವಿಕಿರಣ ಸೋರಿದರೆ 5 ಕಿಲೋಮೀಟರ್ ಒಳಗಿನವರು ಹೊರಡಬೇಕು, 30 ಕಿಲೋಮೀಟರ್‌ವರೆಗಿನವರು ಮೊದಲು ಮನೆಯೊಳಗೇ ಇರಬೇಕು, ಇದು ಮಾರ್ಗಸೂಚಿ. ಹೊರಡಲು ರಸ್ತೆ ಇರಲಿಲ್ಲ, ಒಳಗಿರಲು ಮನೆ ಇರಲಿಲ್ಲ.

ಆಮೇಲೆ ಪ್ರಾಧಿಕಾರ ಮನೆಯೊಳಗೆ ಇರುವ ನಿಯಮವನ್ನು ಮತ್ತೆ ನೋಡಲು ತಜ್ಞರ ತಂಡ ಮಾಡಿತು. 2025ರಲ್ಲಿ ಬಂದ ಉತ್ತರ, ಮೂರು ದಿನ ಒಳಗಿರುವುದು ಒಂದು ಅಳತೆ ಅಂತ. ಮನೆಯೇ ಬಿದ್ದಿದ್ದರೆ ಏನು ಮಾಡಬೇಕು ಅನ್ನುವುದನ್ನು ಆ ತಂಡದ ಕೆಲಸಕ್ಕೆ ಸೇರಿಸಲಿಲ್ಲ. ಅದು ನೈಸರ್ಗಿಕ ವಿಕೋಪದ ವಿಭಾಗ, ಸ್ಥಳೀಯ ಆಡಳಿತ ನೋಡಿಕೊಳ್ಳಬೇಕು ಅನ್ನುವುದು ಅವರ ನಿಲುವು. ಸ್ಥಳೀಯ ಆಡಳಿತದ ಯೋಜನೆಯನ್ನು ಪರಿಶೀಲಿಸಿ, ಇದು ಸಾಲದು, ರಿಯಾಕ್ಟರ್ ಶುರು ಮಾಡಬೇಡಿ ಅನ್ನುವ ಅಧಿಕಾರ ಇರುವ ಸರ್ಕಾರಿ ಸಂಸ್ಥೆ ಅಲ್ಲಿ ಇವತ್ತಿಗೂ ಇಲ್ಲ.